ತೆರೆದಷ್ಟು ಮುಚ್ಚಿ

ಯುಗಾದಿ ಕಳೆದರೆ ಮಳೆ ಹಿಡಿಯುವ ತನಕ ಕೆಂಪಣ್ಣ ನೆಲದ ಮೇಲೆ ಇರುತ್ತಿದ್ದುದೇ ಕಡಿಮೆ. ಹಾಸನದ ಕಡೆಯಿಂದ ಬಂದು ಇಪ್ಪತ್ತು ವರ್ಷ ಮಡಿಕೇರಿಯ ಮನೆಗಳ ಹೆಂಚು ಇಳಿಸಿ, ಒಡೆದದ್ದು ಬದಲಿಸಿ, ಕೈಯಾಡಿಸಿದವನು. "ಊರಿನ ಸೂರೆಲ್ಲಾ ನಂದೇಯ, ಒಳಗಡೆ ಮಾತ್ರ ಬ್ಯಾರೇರು ಅವ್ರೆ" ಎಂದು ನಗುತ್ತಿದ್ದ. ಅವನೂ ಹೆಂಡತಿ ನಿಂಗಮ್ಮನೂ ಇದ್ದದ್ದು ಕುಶಾಲಪ್ಪ ಸಾಹುಕಾರರ ಗೋದಾಮಿನ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ.

ಸ್ವಾತಂತ್ರ್ಯ ಬಂದು ಕೊಡಗು ಪ್ರತ್ಯೇಕ ರಾಜ್ಯವಾದ ಮೇಲೆ ಊರಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಗುಮಾಸ್ತರು ಬಂದರು. ಬಾಡಿಗೆ ಮೂರು ಪಟ್ಟಾಯಿತು. ಕೊಟ್ಟಿಗೆಯ ದನ ಮಾರಿ, ಸುಣ್ಣ ಬಳಿದು, ಅದನ್ನೂ ಮನೆ ಎಂದರು. ಹಳೆಯ ಬಾಡಿಗೆಯವರಿಗೆ ಬಾಯಿಬಿಟ್ಟು ಹೋಗಿ ಎನ್ನಲು ಸಾಹುಕಾರರಿಗೆ ಸಂಕೋಚ. ಬೀದಿಯವರಿಗೆಲ್ಲ ಮನೆ ರಿಪೇರಿ ಎಂದು ಸಾರಿ, ಕೆಂಪಣ್ಣನನ್ನು ಕರೆದರು. "ವಿಮಲಮ್ಮನ ಮನೆ ಹೆಂಚು ಇಳಿಸು. ಹಾಕುವುದು ನಾನು ಹೇಳಿದ ಮೇಲೆ."

ಕೆಂಪಣ್ಣನಿಗೆ ಅರ್ಥವಾಯಿತು: ಸೂರಿಲ್ಲದೆ ಬಾಡಿಗೆಯವರು ತಾವಾಗಿಯೇ ಮನೆ ಬಿಡಬೇಕು. ವಿಮಲಮ್ಮ ಹನ್ನೆರಡು ದಿನದ ಬಾಣಂತಿ. ಗಂಡ ಸಿದ್ದಾಪುರದ ಬಸ್ಸಿನ ಕಂಡಕ್ಟರು. ಮಳೆ ಇವತ್ತೋ ನಾಳೆಯೋ.

"ಒಲ್ಲೆ ಅಂದ್ರೆ?" ನಿಂಗಮ್ಮ ಕೇಳಿದಳು.

"ಇನ್ನೊಬ್ಬ ಹತ್ತುತಾನೆ. ನಮ್ ಗಂಟುಮೂಟೆ ಬೀದಿಗೆ."

ಬೆಳಿಗ್ಗೆ ಕೆಂಪಣ್ಣ ವಿಮಲಮ್ಮನ ಮನೆಯ ಮಾಡು ಹತ್ತಿ ಹೆಂಚಿನ ಮೊದಲ ಸಾಲು ಎತ್ತಿದ. ಬಿಸಿಲು ನೇರ ಮಗುವಿನ ಮುಖಕ್ಕೆ ಬಿತ್ತು. ವಿಮಲಮ್ಮ ಸೆರಗು ಅಡ್ಡ ಹಿಡಿದಳು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು, ಮತ್ತೆ ನೋಡಿದಳು.

"ಧೂಳು ಬೀಳ್ತಾ ಉಂಟು ಕೆಂಪಣ್ಣ. ಎಲ್ಲಾ ತೆಗೀತೀಯಾ?"

ಅವನು ತಲೆಯೆತ್ತಿ ನೋಡಿದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಅವನಪ್ಪ ಕಲಿಸಿದ ಕಟ್ಟುಪಾಡು ಒಂದೇ: ತೆರೆದಷ್ಟನ್ನು ಹೊತ್ತು ಮುಳುಗುವ ಮೊದಲು ಮುಚ್ಚಿಯೇ ಇಳಿಯಬೇಕು. ಕೆಂಪಣ್ಣ ಒಡೆದ ಹೆಂಚು ಬದಲಿಸಿದ, ಹೆಂಚು ಕೂರುವ ಸಡಿಲ ರೀಪುಪಟ್ಟಿ ಬಿಗಿದ, ಸಾಲು ಕೂರಿಸಿದ. ಮುಂದಿನದನ್ನು ಎತ್ತಿದ; ಅದನ್ನೂ ಮುಚ್ಚಿದ. ಒಂದೇ ಅಂಕಣದ ಸಣ್ಣ ಮನೆ, ಸಂಜೆಗೆ ಮುಗಿಯಿತು.

ಸಾಹುಕಾರರು ಬಂದು ನೋಡಿದರೆ ಇಡೀ ಮಾಡು ಭದ್ರ. "ನಾನು ಹೇಳಿದ್ದೇನು ಮಾರಾಯ?"

"ರಿಪೇರಿ ಅಂದ್ರಿ ಬುದ್ಧಿ. ಆಗೋಯ್ತು. ಒಂದ್ ತೊಟ್ಟೂ ಸೋರಾಕಿಲ್ಲ."

ಬೀದಿಯವರು ನೋಡುತ್ತ ನಿಂತಿದ್ದರು. ಅವರೆದುರು ಬೇರೆ ಮಾತಾಡಲು ಸಾಹುಕಾರರಿಗೆ ನಾಲಿಗೆ ಏಳಲಿಲ್ಲ. "ನಿನ್ನ ಕೋಣೆಗೂ ರಿಪೇರಿ ಉಂಟು. ನಾಳೆ ಖಾಲಿ ಮಾಡು" ಎಂದು ಹೊರಟುಬಿಟ್ಟರು.

ವಿಮಲಮ್ಮ ಮಗುವನ್ನು ಅವಚಿಕೊಂಡು ಬಾಗಿಲಿಗೆ ಬಂದಳು. "ಈ ಮಳೆಗಾಲ ಹೇಗೋ ಆಯ್ತು. ಮುಂದಿನ ವರ್ಷ ಬೇರೆಯವನನ್ನು ಹತ್ತಿಸಿದರೆ?"

"ಅಷ್ಟೊತ್ತಿಗೆ ನಿಮ್ ಮಗೀಗೆ ವರ್ಷ ತುಂಬಿರ್ತದೆ ತಾಯಿ."

ಕೋಣೆ ಖಾಲಿ ಮಾಡುವ ಸುದ್ದಿಯನ್ನು ನಿಂಗಮ್ಮನಿಗೆ ಹೇಳಲು ಕೆಂಪಣ್ಣ ಗೋದಾಮಿನ ದಾರಿ ಹಿಡಿದ.