ಅವಳ ತಂಗಿ ಬಂದಳೆಂದು ಎಣಿಸಿದ ದಿನ

ಬಹರೈನಿನ ಸೆಗಯಾ ಎಂಬಲ್ಲಿನ ನಮ್ಮ ಪಾರ್ಲರಿನಲ್ಲಿ ಊರವರ ಕೂದಲನ್ನೆಲ್ಲ ಕತ್ತರಿಸುತ್ತಿದ್ದ ನನ್ನ ಗೆಳತಿ ತನ್ನ ಕೂದಲಿಗೆ ಮಾತ್ರ ಯಾರನ್ನೂ ಕತ್ತರಿ ತಾಗಿಸಲು ಬಿಡುತ್ತಿರಲಿಲ್ಲ. ತುದಿ ಸೀಳಿದೆ, ಒಂದು ಬೆರಳಷ್ಟು ಸಮ ಮಾಡುತ್ತೇನೆ ಎಂದರೂ ಕುರ್ಚಿಯಿಂದ ಎದ್ದು ಹೋಗುತ್ತಿದ್ದಳು. ಸೊಂಟ ದಾಟಿದ ದಪ್ಪ ಜಡೆ ಅದು. ಗಿರಾಕಿಗಳ ಪಾಲಿಗೆ ಅವಳು ಸಿರಿಯಾದವಳು, ಅಷ್ಟೆ. ತಾನು ಕುರ್ದಿಶ್ ಎಂದು ಬಾಯಿಬಿಟ್ಟು ಹೇಳಿದ್ದು ನನಗೊಬ್ಬಳಿಗೆ. ಅದೂ ನನ್ನ ಡಬ್ಬಿಯ ನೀರುದೋಸೆಗೆ ಅವಳು ಪಾಲುದಾರಳಾಗಿ ವರ್ಷ ಕಳೆದ ಮೇಲೆ.

ನಮ್ಮಿಬ್ಬರದೂ ಒಂದು ಕಲಬೆರಕೆ ಭಾಷೆ. ಅರ್ಧ ಅರಬ್ಬಿ, ಸ್ವಲ್ಪ ಹಿಂದಿ, ಉಳಿದದ್ದು ಕೈಸನ್ನೆ. ಅದನ್ನು ಹಾಗೇ ಬರೆದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ, ಹಾಗಾಗಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಅವಳ ತಂಗಿ ಹೋರಾಟಗಾರ್ತಿ. ಕಪ್ಪು ಬಾವುಟದ ಉಗ್ರರು ಅವರ ಊರಿನ ಹತ್ತಿರ ಬಂದಾಗ, ಹಿಡಿದ ಹೆಂಗಸರನ್ನು ಸಂತೆಯಲ್ಲಿ ಮಾರುತ್ತಾರೆಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತಂತೆ. ಊರಿನ ಹುಡುಗಿಯರು ಬಂದೂಕು ಹಿಡಿದರು. ಹೊಲಿಗೆ ಕಲಿಯುತ್ತಿದ್ದ ತಂಗಿಯೂ ಹೊರಟಳು. ಹೊರಡುವ ಬೆಳಿಗ್ಗೆ ಅಕ್ಕ ತಂಗಿಗೆ ಜಡೆ ಹಾಕಿದಳು, ತಂಗಿ ಅಕ್ಕನಿಗೆ ಹಾಕಿದಳು. "ನೀನು ತಿರುಗಿ ಬರುವವರೆಗೆ ಇದಕ್ಕೆ ಕತ್ತರಿ ಮುಟ್ಟಿಸುವುದಿಲ್ಲ," ಎಂದಳಂತೆ ಅಕ್ಕ. ಆಮೇಲೆ ಅಕ್ಕ ಮದುವೆಯಾಗಿ ಗಂಡನ ಜೊತೆ ಬಹರೈನಿಗೆ ಬಂದಳು. ಅತ್ತ ಸಿರಿಯಾದಲ್ಲಿ ಒಂದು ಯುದ್ಧ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಶುರುವಾಯಿತು. ತಂಗಿ ಮನೆಗೆ ಬರಲೇ ಇಲ್ಲ.

ಬರುತ್ತಿದ್ದದ್ದು ಅವಳ ಧ್ವನಿ ಮಾತ್ರ. ಯಾರದೋ ಫೋನಿನಿಂದ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಒಂದು ಪುಟ್ಟ ವಾಯ್ಸ್ ಮೆಸೇಜ್. ಯುದ್ಧದ ಸುದ್ದಿ ಅದರಲ್ಲಿ ಇರುತ್ತಲೇ ಇರಲಿಲ್ಲ. ನನ್ನ ಹಸಿರು ಸ್ವೆಟರ್ ನೀನೇ ಕದ್ದದ್ದು, ಒಪ್ಪಿಕೋ. ಇವತ್ತು ಏನು ಅಡುಗೆ. ಗಂಡ ಬೆನ್ನು ಉಜ್ಜಿ ಕೊಡುತ್ತಾನಾ. ಕೊನೆಗೆ ಖಿಲಖಿಲ ನಗು. ಆ ನಗುವಿಗೆ ಮಾತ್ರ ಅನುವಾದ ಬೇಕಿರಲಿಲ್ಲ. ನನಗೆ ಒಡಹುಟ್ಟಿದವರಿಲ್ಲ. ಮುಖ ನೋಡದ ಹುಡುಗಿಗಾಗಿ ಹೀಗೆ ಹಂಬಲಿಸುವುದು ಹುಚ್ಚೆಂದು ಗೊತ್ತಿದ್ದೂ, ಗೆಳತಿಯ ಏಪ್ರನ್ ಕಿಸೆಯಲ್ಲಿ ಫೋನು ಗುಂಯ್ ಎಂದರೆ ಹುಬ್ಬು ತೆಗೆಯುತ್ತಿದ್ದ ನನ್ನ ನೂಲೂ ನಿಂತುಬಿಡುತ್ತಿತ್ತು. ಗಿರಾಕಿ ಅರ್ಧ ಹುಬ್ಬಿನಲ್ಲಿ ಕಣ್ಣು ಬಿಟ್ಟು ನನ್ನನ್ನು ದಿಟ್ಟಿಸುತ್ತಿದ್ದಳು.

ಸಿತ್ರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸಿಳಿದು ಬರುವ ನನ್ನ ಗಂಡನಿಗೆ ಇದೊಂದು ತಮಾಷೆ. "ಅವಳ ತಂಗಿ ಅಲ್ಲಿ ಗನ್ ಹಿಡ್ಕೊಂಡು ನಿಂತಿದ್ದಾಳೆ, ನೀನು ಇಲ್ಲಿ ಜಿರಳೆ ಕಂಡ್ರೆ ಮಂಚ ಹತ್ತುದು. ಒಳ್ಳೆ ಜೋಡಿ ಮಾರಾಯ್ತಿ!" ಎನ್ನುತ್ತಿದ್ದರು. ಆದರೆ ಟೀವಿಯಲ್ಲಿ ಆ ಕಡೆಯ ಸುದ್ದಿ ಬಂದರೆ ಅವರೇ ವಾಲ್ಯೂಮ್ ಏರಿಸಿ ನನ್ನನ್ನು ಕರೆಯುತ್ತಿದ್ದರು.

ಒಂದು ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಗೆಳತಿ ಸೀದಾ ಬಂದು ಗಿರಾಕಿಯ ಕುರ್ಚಿಯಲ್ಲಿ ಕುಳಿತಳು. ತನ್ನದೇ ಕತ್ತರಿಯನ್ನು ನನ್ನ ಕೈಗೆ ಕೊಟ್ಟು, "ಜಡೆ ಕತ್ತರಿಸು. ಪೂರ್ತಿ," ಎಂದು ಕಣ್ಣು ಮುಚ್ಚಿದಳು.

ನನ್ನ ಎದೆ ಹೂವಾಯಿತು. ತಂಗಿ ಬಂದಳು! ಇನ್ನೇನಿರಲು ಸಾಧ್ಯ? ಮಗ ಕಡಲಿಂದ ಬದುಕಿ ಬಂದನೆಂದು ನನ್ನ ದೊಡ್ಡಮ್ಮ ತಿರುಪತಿಗೆ ಹೋಗಿ ಇಡೀ ಮುಡಿ ಕೊಟ್ಟು ಬಂದವರು. ಹರಕೆ ಎಂದರೆ ನನಗೆ ಗೊತ್ತಿಲ್ಲವೇ? ಖುಷಿಗೆ ನನ್ನ ಬಾಯಲ್ಲಿ ಅರಬ್ಬಿ ಹಿಂದಿ ಎಲ್ಲ ಹಾರಿ ಊರಿನ ಕನ್ನಡವೇ ಬಂತು.

"ಅಂತೂ ದೇವ್ರು ಕಣ್ಣು ಬಿಟ್ಟ ಮಾರಾಯ್ತಿ! ಇನ್ನು ಅವಳನ್ನು ಎಲ್ಲಿಗೂ ಕಳಿಸ್ಲಿಕ್ಕಿಲ್ಲ, ಗೊತ್ತಾಯ್ತಾ? ಇಲ್ಲೇ ಇಟ್ಕೊಳ್ಳುವ. ನನ್ನ ಅಡುಗೆ ತಿಂದು ಸ್ವಲ್ಪ ದಪ್ಪ ಆಗ್ಲಿ."

ಒಂದಕ್ಷರವೂ ಅವಳಿಗೆ ತಿಳಿದಿರಲಿಕ್ಕಿಲ್ಲ. ಜಡೆಯ ಎರಡೂ ತುದಿಗೆ ರಬ್ಬರ್ ಹಾಕಿ, ಒಂದೆಳೆಯೂ ಚೆಲ್ಲದಂತೆ ಕತ್ತರಿಸಿ, ಒಗೆದ ಟವೆಲ್ಲಿನ ಮೇಲೆ ಮಲಗಿಸಿದೆ. ಮುಡಿ ಕೊಟ್ಟ ತಲೆಗೆ ಗಂಧ ಹಚ್ಚುವುದು ನಮ್ಮ ಕ್ರಮ. ಪರ್ಸಿನಲ್ಲಿದ್ದ ಪ್ರಸಾದದ ಗಂಧವನ್ನು ನೀರಲ್ಲಿ ಕಲಸಿ ಅವಳ ಬರಿದಾದ ಕುತ್ತಿಗೆಗೆ ಹಚ್ಚಿದೆ. ತಣ್ಣಗಾದದ್ದಕ್ಕೆ ಕಣ್ಣು ತೆರೆದು, "ಇದೇನು?" ಎಂದಳು.

"ಹರಕೆ ತೀರಿಸಿದವರಿಗೆ ಹಚ್ಚುವುದು. ತಂಗಿ ಯಾವಾಗ ಬಂದದ್ದು?"

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ತಂಗಿಗೆ ಗುಂಡು ತಾಗಿದ್ದು ಮೊನ್ನೆ. ಮಣ್ಣು ಮಾಡಿಯೂ ಆಯಿತು. ಅವರ ಕಡೆ ಒಡಹುಟ್ಟಿದವರು ಹೀಗೆ ಸತ್ತರೆ ಹೆಂಗಸರು ಜಡೆ ಕತ್ತರಿಸಿ ಗೋರಿಯ ಮೇಲೆ ಇಡುತ್ತಾರೆ. "ಗೋರಿ ಅಲ್ಲಿದೆ, ಜಡೆ ಇಲ್ಲಿದೆ," ಎಂದಳು.

ಗಂಧದ ಬೆರಳನ್ನು ಎಲ್ಲಿ ಅಡಗಿಸಲಿ ಎಂದು ತಿಳಿಯಲಿಲ್ಲ. ಮೊದಲು ಅತ್ತದ್ದು ನಾನೇ. ಕತ್ತನ್ನು ಒರೆಸಲು ಹೋದರೆ ಅವಳು ನನ್ನ ಕೈ ಹಿಡಿದುಕೊಂಡಳು.

"ನಿನಗೆ ಅವಳು ಬಂದಳೆಂದೇ ಅನಿಸಿತ್ತಾ?"

"ಹೌದು."

"ಕತ್ತರಿಸುವಷ್ಟು ಹೊತ್ತೂ?"

"ಹೌದು."

"ಹಾಗಾದರೆ ಹೇಳು. ಹೇಗೆ ಬಂದಳು?"

ಇದೆಂಥ ಪ್ರಶ್ನೆ ಎನಿಸಿತು. ಆದರೆ ಅವಳು ನಿಜವಾಗಿಯೂ ಕಾಯುತ್ತಿದ್ದಳು. ಕಣ್ಣೊರೆಸಿಕೊಂಡು ಹೇಳಿದೆ. ಏರ್‌ಪೋರ್ಟಿನ ಗಾಜಿನ ಬಾಗಿಲು ತೆರೆಯಿತು, ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ್ದಳು, ಬಿಸಿಲಿಗೆ ಮುಖ ಕಪ್ಪಾಗಿತ್ತು, ಅಷ್ಟು ಜನರ ನಡುವೆ ನಿನ್ನನ್ನೇ ಹುಡುಕುತ್ತಿದ್ದಳು ಎಂದೆ.

"ದಣಿದಿದ್ದಳಾ?"

"ಸ್ವಲ್ಪ."

"ಕೈಯಲ್ಲಿ ಏನಿತ್ತು?"

"ಏನೂ ಇರಲಿಲ್ಲ," ಎಂದೆ. "ನಿನ್ನನ್ನು ಕಂಡದ್ದೇ ಎರಡೂ ಕೈ ಚಾಚಿಕೊಂಡು ಓಡಿ ಬಂದಳು."

ಅವಳು ಮತ್ತೆ ಕಣ್ಣು ಮುಚ್ಚಿದಳು. "ಇನ್ನೊಮ್ಮೆ ಹೇಳು," ಎಂದಳು, "ಬಾಗಿಲು ತೆರೆದಲ್ಲಿಂದ."