ಕಾಕಾನ ವಲ್ಲಿ, ಅತ್ತೆಯ ಮೋಸಂಬಿ ಗಿಡ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮೂಗು ಕೆಲಸಕ್ಕೆ ಬಾರದ್ದು. ಅದನ್ನು ನಂಬಿ ಪಂಚನಾಗಿ ಕುಳಿತದ್ದು ನನ್ನ ಹೆಡ್ಡತನ. ಆ ಹೆಡ್ಡತನದಿಂದ ನಮ್ಮ ಅತ್ತೆಯ ಮೋಸಂಬಿ ಗಿಡದ ಬುಡಕ್ಕೆ ಕೊಡಲಿ ಬೀಳುವುದರಲ್ಲಿತ್ತು.

ಯುದ್ಧದ ಕಾಲ. ಹಾವೇರಿಯಲ್ಲಿ ಮ್ಯಾಟ್ರಿಕ್ಕಿಗೆ ಕೂತು, ಫೇಲಾಗಿ, ಬ್ಯಾಡಗಿಯ ಕಾಕಾನ ಮನೆಯಲ್ಲಿ ಮೆಣಸಿನಕಾಯಿ ಕಾಯುತ್ತ ಬಿದ್ದಿದ್ದೆ. ಕಾಯುವುದಕ್ಕಿಂತ ಅಣಕಿಸುವುದೇ ನನ್ನ ಉದ್ಯೋಗವಾಗಿತ್ತು. ಕಾಕಾ ಸೀನುವುದು, ಆ ಸೀನಿಗೆ ಆತನ ಹೆಂಡತಿ ಕಾಕೂ ಬೈಯುವುದು, ಹಾವೇರಿಯ ಮಾಸ್ತರರು ನನ್ನ ಪೇಪರು ಎತ್ತಿ ಹಿಡಿದು ನಿಟ್ಟುಸಿರು ಬಿಡುವುದು, ಅವರೆದುರು ನಾನು ಒಣಗಿದ ಮುಖ ಹೊತ್ತು ನಿಲ್ಲುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ನನ್ನದನ್ನು ಮಾಡಿದಾಗಲೇ ಜನ ಹೆಚ್ಚು ನಗುತ್ತಿದ್ದರು.

ಹಿತ್ತಲಲ್ಲಿ ಎರಡು ಮೋಸಂಬಿ ಗಿಡಗಳಿದ್ದವು. ನಮ್ಮ ಅಜ್ಜ ಒಂದೇ ಗಿಡದಿಂದ ಎರಡು ಚಿಗುರುಗಣ್ಣು ತಂದು ಕಸಿ ಕಟ್ಟಿಸಿದ್ದ. ಕಟ್ಟಲು ಸಿಕ್ಕ ಸಸಿಗಳು ಮಾತ್ರ ಎರಡು ತರಹದವು: ಒಂದು ಗಜನಿಂಬೆಯದು, ಇನ್ನೊಂದು ಹುಳಿ ಕಿತ್ತಳೆಯದು. ಹೀಗಾಗಿ ಮೇಲೆ ಎರಡೂ ಒಂದೇ, ಬೇರು ಮಾತ್ರ ಬೇರೆ ಬೇರೆ. ಗಜನಿಂಬೆ ಬೇರಿನದು ಮಾಡಿನ ತನಕ ಬೆಳೆದು ದಪ್ಪ ಸಿಪ್ಪೆಯ ದೊಡ್ಡ ಹಣ್ಣು ಸುರಿಯುತ್ತಿತ್ತು. ಕಿತ್ತಳೆ ಬೇರಿನದು ಗಿಡ್ಡ, ಹಣ್ಣು ಸಣ್ಣವು, ಅವೂ ಕಡಿಮೆ.

ಆ ಗಿಡ್ಡ ಗಿಡವನ್ನು ಅತ್ತೆಯ ಗಿಡ ಎನ್ನುತ್ತಿದ್ದೆವು. ಅತ್ತೆ ಎಂದರೆ ಕಾಕಾನ ತಂಗಿ, ಕರ್ಜಗಿಗೆ ಕೊಟ್ಟವಳು. ಗಂಡ ತೀರಿದ ಮೇಲೆ ತಲೆಗೆ ಹಚ್ಚುವ ವಾಸನೆ ಎಣ್ಣೆ ಮಾಡಿ ಹಾವೇರಿಯ ಮನೆಗಳಿಗೆ ಕೊಡುತ್ತಿದ್ದಳು. ಯಾರ ಮುಂದೂ ಕೈ ಚಾಚದೆ ಆಕೆ ಬದುಕಿದ್ದು ಅದರಿಂದಲೇ. ಹಣ್ಣಿನ ಕಾಲಕ್ಕೆ ಬ್ಯಾಡಗಿಗೆ ಬಂದು, ಆ ಗಿಡದ ಸಿಪ್ಪೆಯನ್ನಷ್ಟೇ ನೆರಳಲ್ಲಿ ಒಣಗಿಸಿ ಕೊಬ್ಬರಿ ಎಣ್ಣೆಗೆ ಹಾಕುವಳು. ಒಂದು ವರ್ಷ ಸಾಲದೆ ದೊಡ್ಡ ಗಿಡದ ಸಿಪ್ಪೆ ಬೆರೆಸಿದ್ದಕ್ಕೆ, ತಲೆ ಉಪ್ಪಿನಕಾಯಿ ಭರಣಿಯ ಹಾಗೆ ನಾರುತ್ತದೆ ಎಂದು ಹಾವೇರಿಯವರು ಎಣ್ಣೆ ತಿರುಗಿ ಕಳಿಸಿದ್ದರಂತೆ.

ಆ ಸಲ ಕಾಕಾನಿಗೆ ಮೆಣಸಿನಕಾಯಿ ಒಣಹಾಕಲು ಜಾಗ ಸಾಲದೆ ಬಂತು. ಒಂದು ಗಿಡ ಹೋಗಬೇಕು, ಕಡಿಮೆ ಹಣ್ಣಿನದೇ ಹೋಗಲಿ ಅಂದ. ಅತ್ತೆ ಬೇಡವೆಂದಳು, ಎರಡರ ವಾಸನೆ ಒಂದಲ್ಲ ಅಂದಳು. ಕಾಕಾ ಬಗ್ಗಲಿಲ್ಲ.

"ಕೊಂಬಿ ಒಂದ, ಹಣ್ಣು ಒಂದ. ಮಣ್ಣಾಗ ಹುಗದ ಬೇರು ಸಿಪ್ಪಿಗೆ ಹೋಗಿ ವಾಸನಿ ಹಚ್ಚತದೇನು?"

ನಾನು ಸುಮ್ಮನಿರಬೇಕಿತ್ತು. ಕಣ್ಣು ಕಟ್ಟಿದರೂ ಯಾವ ಸಿಪ್ಪೆ ಯಾವ ಗಿಡದ್ದೆಂದು ನಾನು ಹೇಳಬಲ್ಲೆ ಎಂದುಬಿಟ್ಟೆ. ಹೇಳಿದರೆ ಗಿಡ ಉಳಿಯಿತು ಅಂದ ಕಾಕಾ. ಅತ್ತೆ ನನ್ನನ್ನು ನೋಡಿದ ರೀತಿಗೆ ಎದೆ ಉಬ್ಬಿತು.

ಪಡಸಾಲೆಯಲ್ಲಿ ಕೂಡಿಸಿದರು. ಕಾಕಾ ತನ್ನ ಹೆಗಲ ಮೇಲಿನ ವಲ್ಲಿ ತೆಗೆದು ನನ್ನ ಕಣ್ಣಿಗೆ ಬಿಗಿದ. ಮುಂಜಾನೆಯಿಂದ ಅದೇ ವಲ್ಲಿಯಿಂದ ಆತ ಮೆಣಸಿನಕಾಯಿ ಚೀಲ ಜಾಡಿಸಿದ್ದ. ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಎಂದು ಸೀನುತ್ತ ಸೀನುತ್ತಲೇ ಹೇಳುವ ಮನುಷ್ಯ. ಆತನಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆಯುವ ಹೊತ್ತಿಗೆ ಕಣ್ಣಲ್ಲಿ ಬೆಂಕಿ, ಮೂಗಲ್ಲಿ ಹೊಳೆ.

ಮೊದಲನೆಯ ಸಿಪ್ಪೆ ಬಂತು. ಅತ್ತೆ ಗಿಡದ್ದು ಅಂದೆ. ಎರಡನೆಯದೂ ಅದೇ ಅನಿಸಿತು, ಹಾಗೇ ಅಂದೆ. ಮೊದಲನೆಯದನ್ನು ತಿರುಗಿ ತಂದರು. ಇದು ದೊಡ್ಡ ಗಿಡದ್ದು ಅಂದೆ. ವಾಸನೆ ಸಿಪ್ಪೆಯಲ್ಲಿದೆಯೋ, ವಲ್ಲಿಯಲ್ಲಿದೆಯೋ, ನನ್ನ ತಲೆಯಲ್ಲೇ ಇದೆಯೋ ಒಂದೂ ತಿಳಿಯದಾಯಿತು. ಕಡೆಗೆ ಬಂದದ್ದನ್ನು ಉದ್ದಕ್ಕೆ ಎಳೆದು ಮೂಸಿ, ಇದು ಮಾತ್ರ ಖರೇ ಅತ್ತೆಯ ಗಿಡದ್ದು ಎಂದು ಆಣೆ ಮಾಡಿದೆ. ಪಡಸಾಲೆ ತುಂಬ ನಗು. ವಲ್ಲಿ ಬಿಚ್ಚಿ ನೋಡಿದರೆ ಕಾಕಾನ ಕೈಯಲ್ಲಿ ಬದನೆಕಾಯಿ ತೊಟ್ಟು.

ಅತ್ತೆ ನಗಲಿಲ್ಲ. ಮರುದಿನ ಕೊಡಲಿಯವನು ಬರಲೆಂದು ಕಾಕಾ ಹೇಳಿ ಕಳಿಸಿದ.

ಮುಖ ತೊಳೆದು, ಹಿತ್ತಲಾಚೆಯ ಬಾವಿಗೆ ಹೋಗಿ ಎರಡೂ ಸಿಪ್ಪೆಗಳನ್ನು ಮತ್ತೆ ಹಿಂಡಿ ನೋಡಿದೆ. ಒಂದರಿಂದ ಚಿಮ್ಮಿದ ಎಣ್ಣೆ ನಿಂಬೆಯ ಹಾಗೆ ಚುರ್ ಎಂದಿತು, ಇನ್ನೊಂದರಲ್ಲಿ ಹೂವಿನಂಥದೇನೋ ಇತ್ತು. ಇದ್ದೇ ಇತ್ತು. ಓಡಬೇಕೆಂದು ಎದ್ದವನು ಮತ್ತೊಮ್ಮೆ ಮೂಸಿದೆ. ಆಗ ಹೂವು ಇತ್ತ, ನಿಂಬೆ ಅತ್ತ. ಬೆರಳಿಗೆ ಎರಡೂ ಹತ್ತಿದ್ದವು. ಒಂದೇ ಕೊಂಬೆಯ ಹಣ್ಣಿಗೆ ಎರಡು ವಾಸನೆ ಎಲ್ಲಿಂದ ಬರಬೇಕು? ಬೇರು ಏನನ್ನು ಮೇಲೆ ಕಳಿಸುತ್ತದೆ? ಆವತ್ತೂ ತಿಳಿಯಲಿಲ್ಲ, ಇವತ್ತು ಕೇಳಿದರೂ ಹೇಳಲಾರೆ. ವಾಸನೆ ಎರಡಿವೆ ಎಂದು ಕಾಕಾನಿಗೆ ಹೋಗಿ ಹೇಳಿದರೆ ಆತ, ಇದನ್ನು ನೀನು ಯಾರ ದನಿಯಲ್ಲಿ ಹೇಳುತ್ತಿದ್ದೀ ಎಂದು ಕೇಳಿದ.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಸಿಪ್ಪೆಯ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನಗಿಸೋಣವೆಂದು ನನಗೆ ಬರುವುದೊಂದನ್ನು ಮಾಡಿದೆ: ರಾಣೇಬೆನ್ನೂರಿನ ದೊಡ್ಡತ್ತೆಯ ಮನೆಯಲ್ಲಿ ಕಾಕಾ. ದೊಡ್ಡತ್ತೆ ಈ ಇಬ್ಬರಿಗೂ ಅಕ್ಕ. ಆಕೆ ಸಾರಿನ ಸೌಟು ಹಿಡಿದು ಬಂದೊಡನೆ ಕಾಕಾ ಹೊಟ್ಟೆಯ ಮೇಲೆ ಕೈ ಇಟ್ಟು, ಕಣ್ಣು ಅರ್ಧ ಮುಚ್ಚಿ, "ಬ್ಯಾಡ ಅಕ್ಕಾ, ಇವತ್ಯಾಕೋ ಹೊಟ್ಟಿ ಸರಿ ಇಲ್ಲ, ಮಜ್ಜಿಗಿ ಸಾಕು" ಅನ್ನುವುದು. ಅದೇ ಮನುಷ್ಯ ಕರ್ಜಗಿಯಲ್ಲಿ ಅತ್ತೆಯ ಸಾರು ಸುರಿದುಕೊಂಡು ಎಲೆ ಬಿಟ್ಟು ಏಳದಿರುವುದು.

ಆಗಲೂ ಅತ್ತೆ ನಗಲಿಲ್ಲ. "ಅಕ್ಕನ ಮನ್ಯಾಗ ಖರೇನ ಹಂಗಂತಾನೇನೋ?" ಎಂದಳು.

ಹೋದಾಗೆಲ್ಲ ಹೀಗೇ, ಬೇಕಾದರೆ ಕಾಕೂನನ್ನು ಕೇಳು ಅಂದೆ. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆಟವೂ ಕೆಟ್ಟಿತಲ್ಲ ಎಂದುಕೊಂಡೆ.

ಮರುದಿನ ಮುಂಜಾನೆ ಕೊಡಲಿಯವನು ಬಂದಾಗ ಅತ್ತೆ ಗಿಡಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಕಾಕಾ ಹಿಂದಿನ ದಿನದ ಮಾತನ್ನೇ ತೆಗೆದ: ಕೊಂಬೆ ಒಂದೇ, ಹಣ್ಣು ಒಂದೇ, ಕೆಳಗೆ ಯಾವ ಬೇರಿದ್ದರೇನು, ರುಚಿ ವಾಸನೆ ಬೇರೆ ಆಗಲು ಸಾಧ್ಯವೇ ಇಲ್ಲ. ಬದನೆ ತೊಟ್ಟಿನ ಪಂಚನನ್ನು ಕೇಳು ಎಂದು ನನ್ನ ಕಡೆ ಕೈ ಮಾಡಿದ. ಕೊಡಲಿಯವನೂ ನಕ್ಕ. ಕಾಕೂ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದನಿ ಏರಿಸದೆ ಅಂದಳು:

"ಸಾರು ಮಾಡಾಕ ಕಲಿಸಿದಾಕಿ ನಮ್ಮವ್ವ ಒಬ್ಬಾಕಿನ. ಅಕ್ಕ ಹೋಗಿ ನಿಂತ ಮನಿ ಬ್ಯಾರೆ, ನಾ ಹೋಗಿ ನಿಂತ ಮನಿ ಬ್ಯಾರೆ. ಮತ್ತ ರಾಣೇಬೆನ್ನೂರಿಗೆ ಹೋದ ಕೂಡ್ಲೆ ನಿನ್ನ ಹೊಟ್ಟಿ ಯಾಕ ಕೆಡತದ, ಅದನ್ನಷ್ಟ ಹೇಳಿ ಕಡಿ ಅಣ್ಣಾ."