ಮರಳಿ ಬಾರದ ಡಬ್ಬಿಗಳು

ನಾಗಪುರದ ಮನೀಶ್ ನಗರದಲ್ಲಿ ನಮ್ಮ ಬೀದಿಯ ತಿರುವಿಗೆ ಒಂದು ಖಾನಾವಳಿಯಿದೆ. ಫಲಕದ ಬರಹ ಮರಾಠಿಯದು. ಒಳಗಿನಿಂದ ಕೇಳಿಬರುವ ರೊಟ್ಟಿ ಬಡಿಯುವ ಸದ್ದು ಮಾತ್ರ ಅಪ್ಪಟ ಬಾಗಲಕೋಟೆಯದು. ಆ ಸದ್ದಿನ ಮುಂದೆ ಹಾದುಹೋಗುವಾಗ ಈಗಲೂ ನನ್ನ ನಡಿಗೆ ತಾನಾಗಿಯೇ ಚುರುಕಾಗುತ್ತದೆ. ಕಾರಣವನ್ನು ಮೊದಲಿನಿಂದ ಹೇಳುತ್ತೇನೆ; ನಡುವಿನಿಂದ ಹೇಳುವುದು ನನಗೆ ಬಾರದು.

ನಾನು ಮೈಸೂರು ಕಡೆಯವಳು. ಪತಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾಗುವವರೆಗೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಇಲ್ಲಿ ತಿದ್ದಲು ಉತ್ತರಪತ್ರಿಕೆಗಳಿರಲಿಲ್ಲವಾದ್ದರಿಂದ ಬೀದಿಯನ್ನೇ ತಿದ್ದತೊಡಗಿದೆ. ಹಸಿ ಕಸವನ್ನೂ ಒಣ ಕಸವನ್ನೂ ಒಂದೇ ಬುಟ್ಟಿಗೆ ಸುರಿಯುವವರನ್ನು ತಡೆದು ನಿಲ್ಲಿಸಿ, ಹರಕು ಹಿಂದಿಯಲ್ಲಿಯಾದರೂ ಪೂರ್ಣ ವಾಕ್ಯಗಳಲ್ಲಿ, ಗದರುತ್ತಿದ್ದೆ. ಇದನ್ನು ಕೇಳಿದ ವಾರ್ಡ್ ಕಚೇರಿಯವರು ನನ್ನನ್ನು ನಾಗರಿಕರ ಸಮಿತಿಗೆ ಸೇರಿಸಿಕೊಂಡರು. ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ.

ಕಚೇರಿಯ ಅಧಿಕಾರಿ ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸಾರು ಕಟ್ಟಿಕೊಡುವ ಅಂಗಡಿಗಳಿಗೆಲ್ಲ ದಂಡ ಹಾಕಬೇಕೆಂದು ನಾನು ಮೊದಲ ಸಭೆಯಲ್ಲಿಯೇ ವಾದಿಸಿದೆ. ಆಕೆ ಒಪ್ಪಲಿಲ್ಲ. “ದಂಡ ಹಾಕುವುದು ಅರ್ಧ ದಿನದ ಕೆಲಸ ಮ್ಯಾಡಮ್. ದಂಡ ಕಟ್ಟಿದವರು ಮರುದಿನ ಅದೇ ಚೀಲ ತರುತ್ತಾರೆ. ಬೇರೆ ದಾರಿಯನ್ನು ನಾವೇ ತೋರಿಸಬೇಕು,” ಎಂದಳು. ತೋರಿಸಿಯೂ ತೋರಿಸಿದಳು. ಸಣ್ಣ ಅಂಗಡಿಯವರು ತಾವಾಗಿ ಕೊಳ್ಳಲಾರದಷ್ಟು ಸ್ಟೀಲ್ ಡಬ್ಬಿಗಳನ್ನು ಕಚೇರಿಯೇ ತರಿಸಿ ನಮ್ಮ ಬೀದಿಯ ಅಂಗಡಿಗಳಿಗೆ ಹಂಚಿತು. ನೀರಿನ ಟ್ಯಾಂಕಿನ ಹಿಂದೆ ಬಿಸಿಲಿನಿಂದಲೇ ನೀರು ಕಾಯುವ ಒಂದು ತೊಳೆಯುವ ಕಟ್ಟೆ ಎದ್ದಿತು. ಗಿರಾಕಿ ಊಟವನ್ನು ಡಬ್ಬಿಯಲ್ಲಿ ಒಯ್ಯಬೇಕು, ಡಬ್ಬಿಯನ್ನು ಮರಳಿಸಬೇಕು. ಇನ್ನು ಮೇಲೂ ಪ್ಲಾಸ್ಟಿಕ್‌ನಲ್ಲಿ ಕಟ್ಟಿಕೊಟ್ಟವರಿಗೆ ಮಾತ್ರ ದಂಡ. ನೋಡಿಕೊಳ್ಳುವ ಹೊಣೆ ನನ್ನದು.

ಎಲ್ಲರಿಗಿಂತ ಮೊದಲು ಪ್ಲಾಸ್ಟಿಕ್ ಬಿಟ್ಟವಳು ಖಾನಾವಳಿಯ ಒಡತಿ. ಅವಳ ವ್ಯಾಪಾರವೆಲ್ಲ ಸುತ್ತಲಿನ ಫ್ಲ್ಯಾಟುಗಳಿಗೆ ಹೋಗುವ ಮಧ್ಯಾಹ್ನದ ಊಟದ್ದು. ನನಗೆ ರೊಟ್ಟಿ ತಟ್ಟಲು ಬಾರದು. ಉತ್ತರ ಕರ್ನಾಟಕದವರಾದ ನಮ್ಮ ಅತ್ತೆಗೆ ರೊಟ್ಟಿಯಿಲ್ಲದಿದ್ದರೆ ಊಟವೇ ಅಲ್ಲ. ಆದ್ದರಿಂದ ನಾನೂ ಅವಳ ಗಿರಾಕಿಯೇ. ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಸಂಜೆ ಗುಡಿಗೆ ಹೋಗುವಾಗ ಕೊಟ್ಟುಹೋಗುವ ಕೆಲಸ ಅತ್ತೆಯದೆಂದು ನಾವು ಹಂಚಿಕೊಂಡಿದ್ದೆವು.

ಬೇಸಿಗೆ ಮುಗಿಯುವ ಹೊತ್ತಿಗೆ ಖಾನಾವಳಿಯ ಡಬ್ಬಿಗಳು ಕರಗತೊಡಗಿದವು. ಎದುರಿನ ತರ್ರಿ ಪೋಹೆಯ, ಎಂದರೆ ಖಾರದ ರಸ ಸುರಿದ ಅವಲಕ್ಕಿಯ, ಗಾಡಿಯಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಪೋಹೆಯನ್ನು ಜನ ಗಾಡಿಯ ಮುಂದೆ ನಿಂತೇ ತಿನ್ನುತ್ತಾರೆ, ರೊಟ್ಟಿ ಮನೆಗಳಿಗೆ ಹೋಗುತ್ತದೆ ಎಂಬ ವ್ಯತ್ಯಾಸ ನನ್ನ ಕಣ್ಣೆದುರಿಗೇ ಇತ್ತು. ಮಕ್ಕಳಿಗೆ ಕಾರ್ಯಕಾರಣ ಸಂಬಂಧ ಕಲಿಸಿದವಳು ನಾನು. ಆದರೂ ಅದು ನನಗೆ ಕಾಣಲಿಲ್ಲ. ಆಷಾಢದ ಸಭೆಯಲ್ಲಿ ಎದ್ದುನಿಂತು, ಎಲ್ಲ ಅಂಗಡಿಯವರ ಮುಂದೆ, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳಿದೆ: ಡಬ್ಬಿಗಳಿಗೆ ಕಾಲುಗಳಿಲ್ಲ, ಖಾನಾವಳಿಯಿಂದ ಅವು ಹೋಗಿವೆಯೆಂದರೆ ಖಾನಾವಳಿಯವರೇ ಸಾಗಿಸಿರಬೇಕು.

ಅವಳು ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದಳು. ಸಭೆಯಲ್ಲಿದ್ದವರ ಪೈಕಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಕೇಳಿದಳು: “ಡಬ್ಬಿ ಒಯ್ದು ನಾ ಏನ್ ಮಾಡ್ಲಿರಿ ಅಕ್ಕಾರ? ಯಾರದರ ಲಗ್ನಕ್ಕ ಆಯೇರಿ ಕೊಡ್ಲೇನ್?”

“ಹಾಗಾದರೆ ಮನೆಮನೆಗೆ ಹೋಗಿ ಕೇಳಿ ತನ್ನಿ,” ಎಂದೆ.

“ಉಂಡವರ ಬಾಗಲಕ್ಕ ನಿಂತು ಡಬ್ಬಿ ಕೊಡ್ರಿ ಅಂತ ಹೆಂಗ ಕೇಳೂದ್ರಿ? ಮರ್ಯಾದಿ ಇರ್ತದ. ಅವ್ರಿಗೂ, ನನಗೂ.”

ಅದನ್ನು ನೆಪವೆಂದು ತಿಳಿದೆ. ಅಧಿಕಾರಿ ಅನುವಾದ ಮಾಡಿರೆಂದಾಗ, “ಸರಿಯಾದ ಉತ್ತರವಿಲ್ಲ,” ಎಂದೆ. ಅಷ್ಟು ಸಾಕಾಯಿತು. ಆ ವಾರವೇ ಖಾನಾವಳಿಯಲ್ಲಿ ಉಳಿದಿದ್ದ ಡಬ್ಬಿಗಳನ್ನು ಕಚೇರಿ ಹಿಂಪಡೆದು ಬೇರೊಂದು ಬೀದಿಗೆ ಕೊಟ್ಟಿತು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ದಂಡ. ಡಬ್ಬಿಯಲ್ಲಿ ಕಟ್ಟಲು ಡಬ್ಬಿಯಿಲ್ಲ. ಫ್ಲ್ಯಾಟುಗಳ ಊಟ ನಿಂತಿತು. ಅಲ್ಲಿ ಎರಡು ಒಲೆಗಳೆದುರು ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು; ಈಗ ಒಂದೇ ಕೈಯ ಸದ್ದು. ನಾನು ಮನೆಯಿಂದ ಪಾತ್ರೆ ಒಯ್ಯತೊಡಗಿದೆ, ನಿಯಮ ಪಾಲಿಸಿದ ಸಮಾಧಾನದಿಂದ.

ಶ್ರಾವಣ ಬಂತು. ಪಂಚಮಿಯ ಮುನ್ನಾದಿನ ಅತ್ತೆ ಉಂಡಿ ಕಟ್ಟಲು ಕುಳಿತವರು, ತಮ್ಮ ಮಂಚದ ಕೆಳಗಿನ ಟ್ರಂಕನ್ನು ಎಳೆದುಕೊಡೆಂದರು. ಮುಚ್ಚಳ ತೆರೆದೆ. ಒಂದರೊಳಗೊಂದು ಕೂಡಿಸಿ, ಹಳೆಯ ಸೀರೆ ಹೊದಿಸಿ ಇಟ್ಟ ಸ್ಟೀಲ್ ಡಬ್ಬಿಗಳು. ಪ್ರತಿಯೊಂದರ ತಳದಲ್ಲಿಯೂ ವಾರ್ಡಿನ ಗುರುತು.

“ಅತ್ತೆ, ಇವೆಲ್ಲ ಇಲ್ಲಿ ಹೇಗೆ ಬಂದ್ವು?”

“ನೀನ ತಂದೀಯಲ್ಲ, ರೊಟ್ಟಿ ಹಾಕಿಸ್ಕೊಂಡು.”

“ಸಂಜೆ ಕೊಟ್ಟುಬರ್ತೀನಿ ಅಂದಿದ್ರಲ್ಲ!”

“ಕೊಡೂದಿಲ್ಲ ಅಂದ್ನೇನ? ಉಂಡ ಡಬ್ಬಿ ಖಾಲಿ ಹೆಂಗ ಕೊಡ್ತಾರ? ನಾಕ ಉಂಡಿ ಹಾಕಿ ಎಲ್ಲಾ ಒಮ್ಮೆ ಕೊಡೂಣು ಅಂತ ಜ್ವಾಕಿಲೆ ಇಟ್ಟೀನಿ. ಬಾಜೂ ಮನಿಯಾಕೀನೂ ಇಟ್ಟಾಳ. ಪೋಳಾ ಹಬ್ಬಕ್ಕ ಪೂರಣಪೋಳಿ ಹಾಕಿ ಕೊಡ್ತಾಳಂತ.” ನನ್ನ ಮುಖ ನೋಡಿ, “ಯಾಕ, ನಿಮ್ಮ ಮೈಸೂರಾಗ ಖಾಲಿ ಕೊಡ್ತಾರೇನ?” ಎಂದರು.

ಕೊಡುವುದಿಲ್ಲ. ನನ್ನ ತಾಯಿ ಪಕ್ಕದ ಮನೆಯ ಬಟ್ಟಲಿಗೆ ಏನೂ ಸಿಗದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಆ ಬಟ್ಟಲುಗಳನ್ನು ಹೊತ್ತು ಓಡಾಡಿದವಳು ನಾನೇ. ಟ್ರಂಕಿನ ಮುಂದೆ ಕುಳಿತವಳಿಗೆ ಏಳಲು ಮನಸ್ಸಾಗಲಿಲ್ಲ. ನಾನು ಕಳ್ಳಿಯೆಂದು ಸೂಚಿಸಿದವಳ ಮಾಲು ನನ್ನ ಮನೆಯಲ್ಲಿ ಇಷ್ಟು ದಿನ ಭದ್ರವಾಗಿತ್ತು.

ಮರುದಿನ ಅಧಿಕಾರಿಯ ಬಳಿ ಹೋಗಿ ವಿಷಯ ಹೇಳಿದೆ. ಆಕೆ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. “ನಿಮ್ಮ ಮಾತನ್ನು ನಂಬಿ ಮೇಲಿನವರಿಗೆ ಹೇಳಿಬಿಟ್ಟಿದ್ದೇನೆ. ಹೊಸ ಡಬ್ಬಿ ಕೇಳಲಾರೆ. ಮನೆಗಳಿಂದ ಮರಳಿ ಬಂದದ್ದೆಲ್ಲ ಆಕೆಯ ಬಳಿಯೇ ಇರಲಿ,” ಎಂದಳು. ಬೆಳಗಿನ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಸಾರಿಸಿ, ಡಬ್ಬಿಗಳನ್ನು ಅದರಲ್ಲಿಯೇ ಸಂಗ್ರಹಿಸೋಣವೆಂದೂ ಸೂಚಿಸಿದಳು. ಇದನ್ನು ಕೇಳಿದ ಅತ್ತೆ, “ಅನ್ನದ ಡಬ್ಬಿ ಕಸದ ಗಾಡ್ಯಾಗ ಹಾಕ್ತಾರೇನ? ಆಕೀಗೆ ಅವ್ವ ಅದಾಳೋ ಇಲ್ಲೋ?” ಎಂದರು.

ಹಾಗಾಗಿ ನಾನೇ ಮನೆಮನೆಗೆ ಹೋದೆ. ಬಾಗಿಲು ತೆರೆದವರಿಗೆ ಮೊದಲು, “ನಮ್ಮ ಮನೆಯಲ್ಲಿಯೂ ಉಳಿದಿದ್ದವು,” ಎಂದೇ ಹೇಳುತ್ತಿದ್ದೆ. ಆಗ ಅವರ ಸಂಕೋಚ ಸಡಿಲುತ್ತಿತ್ತು. “ಒಂದು ನಿಮಿಷ,” ಎಂದು ಒಳಗೆ ಹೋದವರು ಡಬ್ಬಿಗೆ ಚಿವಡಾ, ಬೆಲ್ಲ, ಏನೂ ಇಲ್ಲದಿದ್ದರೆ ಒಂದು ಲಿಂಬೆಹಣ್ಣು ಹಾಕಿಯೇ ತಂದರು. ಖಾಲಿ ಕೊಡಿ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಅತ್ತೆಯ ಉಂಡಿಯ ಡಬ್ಬಿಗಳನ್ನೂ ಸೇರಿಸಿ ಖಾನಾವಳಿಯ ಕಟ್ಟೆಯ ಮೇಲೆ ಪೇರಿಸಿದೆ. ಒಡತಿ ಒಂದೊಂದನ್ನೇ ಎತ್ತಿ ಅಲುಗಿಸಿ ನೋಡಿದಳು. “ಇಷ್ಟ ದಿನ ಎಲ್ಲಿ ಬಸರಾಗಿ ಕುಂತಿದ್ವು ಇವು?”

“ಕೆಲವು ನಮ್ಮ ಮನೆಯಲ್ಲಿಯೇ ಇದ್ದವು. ನನ್ನಿಂದ ತಪ್ಪಾಯಿತು.”

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ಸಭಾದಾಗ ಅಂದಿದ್ರಿ. ಸಭಾದಾಗ ಹೇಳ್ರಿ.”

ಮುಂದಿನ ಸಭೆಯಲ್ಲಿ ಹೇಳಲು ಎದ್ದೆ. ಮನೆಯಲ್ಲಿ ಸಿದ್ಧಪಡಿಸಿಕೊಂಡು ಹೋಗಿದ್ದ ಮಾತು ಬೇರೆ, ಬಾಯಿಗೆ ಬಂದ ಮಾತು ಬೇರೆ. ನಮ್ಮ ಜನ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲವೆಂಬುದನ್ನು ಯೋಜನೆ ಮಾಡುವಾಗ ಯಾರೂ ಯೋಚಿಸಿರಲಿಲ್ಲ, ಅದರಿಂದ ಒಂದು ತಪ್ಪು ಕಲ್ಪನೆ ಉಂಟಾಗಿತ್ತು ಎಂದೆ. ಯಾರ ಮನಸ್ಸಿನಲ್ಲಿ ಎಂದು ಹೇಳಲಿಲ್ಲ. ಟ್ರಂಕಿನ ಸುದ್ದಿಯನ್ನೂ ಎತ್ತಲಿಲ್ಲ. ಎಲ್ಲರೂ ನಕ್ಕರು. ಅಧಿಕಾರಿ, ಇನ್ನು ಮುಂದೆ ಮುಷ್ಟಿ ಜೋಳ ಹಾಕಿ ಕೊಟ್ಟರೂ ನಡೆಯುತ್ತದೆ, ಮರುದಿನವೇ ಕೊಡಿ ಎಂದು ಗಿರಾಕಿಗಳಿಗೆ ತಿಳಿಸೋಣವೆಂದಳು. ಪೋಹೆಯವನು, “ಬರೋಬರ್!” ಎಂದು ಚಪ್ಪಾಳೆ ತಟ್ಟಿದ. ಖಾನಾವಳಿಯ ಒಡತಿ ನನ್ನನ್ನೊಮ್ಮೆ ನೋಡಿ, ಒಲೆಯ ಮೇಲೆ ಬೇಳೆಯಿದೆಯೆಂದು ಎದ್ದುಹೋದಳು.

ಮರಳಿ ಬಂದ ಡಬ್ಬಿಗಳು ಮೊದಲಿನಷ್ಟಿಲ್ಲ. ಎರಡನೆಯ ಒಲೆ ಇನ್ನೂ ಹೊತ್ತಿಲ್ಲ. ಇರುವಷ್ಟು ಡಬ್ಬಿಗಳಲ್ಲಿ ಫ್ಲ್ಯಾಟುಗಳ ಊಟ ಮತ್ತೆ ಹೋಗುತ್ತಿದೆ. ಡಬ್ಬಿ ಎಲ್ಲರಿಗೂ ಸಿಗುತ್ತದೆ, ನನಗೊಬ್ಬಳಿಗೆ ಸಿಗುವುದಿಲ್ಲ. ಕೇಳುವ ಧೈರ್ಯವೂ ಇಲ್ಲ. ಮನೆಯ ಪಾತ್ರೆಯನ್ನೇ ಒಯ್ಯುತ್ತೇನೆ.

ಮೊನ್ನೆ ಸಾಲಿನಲ್ಲಿ ನಿಂತು ಪಾತ್ರೆ ಚಾಚಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, ಒಳಗೆ ಇಣುಕಿ ನೋಡಿ, ಹಿಂದೆ ನಿಂತವರಿಗೂ ಕೇಳುವಂತೆ, “ಖಾಲೀನ ತಂದೀರೇನ್ರಿ ಅಕ್ಕಾರ?” ಎಂದಳು.

ಹಿಂದಿನವರಿಗೆ ಭಾಷೆ ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳು ಎರಡು ರೊಟ್ಟಿ ಹಾಕಿ, ಪಾತ್ರೆಯನ್ನು ನನ್ನತ್ತ ತಳ್ಳಿ, ಮುಂದಿನ ಗಿರಾಕಿಗೆ ಡಬ್ಬಿ ತೆಗೆದಳು.